ಯೀ-ಹಾ! ಕೌಬಾಯ್ ಕೇಕೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಊರಿನಿಂದ ಟೆಕ್ಸಾಸಿಗೆ ಬರುವ ನೆಂಟರು, ಇಲ್ಲಿ ಓದಲು ಬರುವ ಹುಡುಗ ಹುಡುಗಿಯರು, ಇಂಗ್ಲಿಷ್ ಸಿನಿಮಾಗಳಿಗೆ ಕನ್ನಡ ಅಡಿಬರಹ ಬರೆಯುವ ಗೆಳೆಯರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಎರಡೇ ಅಕ್ಷರದ ಕೂಗು. ಆದರೆ ಅದರ ಹಿಂದೆ ದನ ಕಾಯುವವರ ಬೆವರಿದೆ, ಒಂದು ಯುದ್ಧದ ನೆನಪಿದೆ, ಮೆಕ್ಸಿಕೋದ ಹಾಡಿದೆ, ಸಿನಿಮಾದ ಬೆಳಕಿದೆ. ಅದನ್ನು ತಿಳಿದು ಕೂಗಿದರೆ ಕೂಗಿಗೂ ತೂಕ ಬರುತ್ತದೆ ಅನ್ನುವುದು ನನ್ನ ನಂಬಿಕೆ.

ಯೀ-ಹಾ ಅಂದರೆ ಅರ್ಥ ಏನು?

ಖುಷಿ ಉಕ್ಕಿ ಬಂದಾಗ ಬಾಯಿಂದ ತಾನಾಗಿ ಹೊರಡುವ ಕೇಕೆ. ನಮ್ಮ ಆಹಾ, ಅಬ್ಬಬ್ಬಾ, ಭಲೇ ಇದ್ದ ಹಾಗೆ ಇದೂ ಒಂದು ಉದ್ಗಾರ. ಆದರೆ ಒಂದು ವ್ಯತ್ಯಾಸ ಇದೆ. ಬಿಸಿ ಹೋಳಿಗೆಯ ಮೇಲೆ ತುಪ್ಪ ಬಿದ್ದಾಗ ನಾವು ಆಹಾ ಅನ್ನುತ್ತೇವೆ. ಅಲ್ಲಿ ಯಾರೂ ಯೀ-ಹಾ ಅನ್ನುವುದಿಲ್ಲ. ಕೂತಲ್ಲೇ ಸವಿಯುವ ಸುಖಕ್ಕೆ ಈ ಕೂಗು ಹೊಂದುವುದಿಲ್ಲ. ಮೈ ಕದಲಬೇಕು, ಗಾಳಿ ಮುಖಕ್ಕೆ ಬಡಿಯಬೇಕು, ಸ್ವಲ್ಪ ಅಪಾಯ ಇರಬೇಕು, ಸುತ್ತ ನಾಲ್ಕು ಜನ ಇರಬೇಕು. ಕುದುರೆ ನಾಗಾಲೋಟಕ್ಕೆ ಇಳಿದಾಗ, ಜಾತ್ರೆಯ ತೊಟ್ಟಿಲು ಮೇಲಿಂದ ಕೆಳಕ್ಕೆ ಬರುವಾಗ, ಕುಣಿತ ಬಿರುಸಾದಾಗ, ಕೊನೆಯ ಪರೀಕ್ಷೆ ಬರೆದು ಆಚೆ ಬಂದಾಗ ಹೊರಡುವ ಸದ್ದು ಅದು. ಬಿಡುಗಡೆಯ ಸದ್ದು ಅಂದರೂ ಸರಿ.

ಉಚ್ಚಾರಣೆ ಹೇಗೆ? ಕನ್ನಡದಲ್ಲಿ ಹೇಗೆ ಬರೆಯಬೇಕು?

ಮೊದಲ ಭಾಗ ದೀರ್ಘ ಯೀ. ಎರಡನೆಯದು ನಮ್ಮ ಹಾ ಮತ್ತು ಹೋ ನಡುವಿನದು, ತುಟಿ ಸ್ವಲ್ಪ ಗುಂಡಗಾಗುತ್ತದೆ. ಒತ್ತು ಬೀಳುವುದು ಎರಡನೆಯದರ ಮೇಲೆ. ಯೀ ಅನ್ನುವಾಗ ಉಸಿರು ಬಿಗಿಯುತ್ತದೆ, ದನಿ ಮೇಲಕ್ಕೇರುತ್ತದೆ. ಹಾ ಅನ್ನುವಾಗ ಬಾಯಿ ಪೂರ್ತಿ ತೆರೆದು ಎಲ್ಲವೂ ಹೊರಗೆ ಹೋಗುತ್ತದೆ. ಕವಣೆ ಎಳೆದು ಬಿಟ್ಟ ಹಾಗೆ. ಒಮ್ಮೆ ಬಯಲಲ್ಲಿ ನಿಂತು ಕೂಗಿ ನೋಡಿ, ಮೆಲ್ಲಗೆ ಹೇಳಲು ಬರುವುದೇ ಇಲ್ಲ.

ಬರೆಯುವಾಗ ‘ಯೀ-ಹಾ’ ಅಥವಾ ‘ಯೀಹಾ’ ಎರಡೂ ನಡೆಯುತ್ತದೆ. ‘ಈಹಾ’ ಎಂದು ಬರೆಯಬೇಡಿ, ಸಂಸ್ಕೃತದ ಈಹೆ ನೆನಪಾಗಿ ಓದುಗರು ತಡವರಿಸುತ್ತಾರೆ.

ಹಳೆಯ ಕಾಲದ ಕೌಬಾಯ್‌ಗಳು ದನ ಹೊಡೆಯುವಾಗ ಹೀಗೆ ಕೂಗುತ್ತಿದ್ದರೇ?

ನನ್ನನ್ನು ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದೇ. ಉತ್ತರ ಕೇಳಿದವರಿಗೆ ಬೇಸರವಾಗುತ್ತದೆ, ಆಮೇಲೆ ಕುತೂಹಲ ಹುಟ್ಟುತ್ತದೆ.

ಕೌಬಾಯ್ ಕಾಲ ಅಂತ ನಾವು ಅಂದುಕೊಂಡಿರುವುದು ಬಹಳ ಚಿಕ್ಕದು. ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧ 1865ರಲ್ಲಿ ಮುಗಿಯಿತು. ಟೆಕ್ಸಾಸಿನ ಹುಲ್ಲುಗಾವಲಲ್ಲಿ ಉದ್ದ ಕೊಂಬಿನ ದನಗಳು ಲಕ್ಷಗಟ್ಟಲೆ ಅಡ್ಡಾಡುತ್ತಿದ್ದವು, ಕೊಳ್ಳುವವರು ಉತ್ತರದಲ್ಲಿದ್ದರು, ನಡುವೆ ರೈಲು ಇರಲಿಲ್ಲ. 1867ರಲ್ಲಿ ಜೋಸೆಫ್ ಮೆಕಾಯ್ ಎಂಬ ವ್ಯಾಪಾರಿ ಕ್ಯಾನ್ಸಸ್‌ನ ಆಬಿಲೀನ್‌ನಲ್ಲಿ ರೈಲುಹಳಿಯ ಪಕ್ಕ ದನದ ದೊಡ್ಡಿಗಳನ್ನು ಕಟ್ಟಿಸಿದ. ಅಲ್ಲಿಗೆ ಚಿಸಮ್ ಟ್ರೇಲ್ ಎಂಬ ದಾರಿ ಹಿಡಿದು ದನಗಳನ್ನು ನಡೆಸಿಕೊಂಡು ಹೋಗುವುದು ಶುರುವಾಯಿತು. ಜೋಸೆಫ್ ಗ್ಲಿಡನ್ 1874ರಲ್ಲಿ ಮುಳ್ಳುತಂತಿಗೆ ಪೇಟೆಂಟ್ ಪಡೆದ. ಬಯಲಿಗೆ ಬೇಲಿ ಬಿತ್ತು, ರೈಲೂ ದಕ್ಷಿಣಕ್ಕೆ ಇಳಿಯಿತು. ಸುಮಾರು 20 ವರ್ಷಗಳಲ್ಲಿ ಆ ದೊಡ್ಡ ದನದ ಪಯಣಗಳ ಕಾಲವೇ ಮುಗಿದುಹೋಯಿತು.

ಒಂದು ಹಿಂಡಿನಲ್ಲಿ ಎರಡು ಸಾವಿರಕ್ಕೂ ಮಿಕ್ಕಿದ ದನ, ಹತ್ತು ಹನ್ನೆರಡು ಜನ ಸವಾರರು. ದಿನಕ್ಕೆ 15ರಿಂದ 25 ಕಿಲೋಮೀಟರ್ ನಡಿಗೆ. ದನ ಮೇಯುತ್ತಾ ನಿಧಾನವಾಗಿ ನಡೆದರೆ ಮೈ ಇಳಿಯುವುದಿಲ್ಲ, ಮಾರುಕಟ್ಟೆಯಲ್ಲಿ ಒಳ್ಳೆಯ ಬೆಲೆ ಬರುತ್ತದೆ. ಓಡಿಸಿದರೆ ನಷ್ಟ. ಬೆದರಿದರೆ ಸಾವು ಕೂಡ. ಎಲ್ಲಕ್ಕಿಂತ ಹಿಂದೆ ಧೂಳು ಕುಡಿಯುತ್ತಾ ಬರುವ ಸವಾರ ಸೋಮಾರಿ ದನಗಳನ್ನು ಏಳಿಸಲು ಹೇ ಹೇ ಎಂದು ಕೂಗುತ್ತಿದ್ದ, ಸಿಳ್ಳೆ ಹಾಕುತ್ತಿದ್ದ. ಅದು ಕೆಲಸದ ಸದ್ದು. ನಮ್ಮೂರಲ್ಲಿ ಸಂಜೆ ದನ ಅಟ್ಟಿಕೊಂಡು ಬರುವವರು ಮಾಡುವುದೂ ಅದನ್ನೇ.

ರಾತ್ರಿ ಇನ್ನೂ ಸೂಕ್ಷ್ಮ. ಇಬ್ಬರು ಸವಾರರು ಮಲಗಿದ ಹಿಂಡನ್ನು ಎದುರುಬದುರು ದಿಕ್ಕಿನಲ್ಲಿ ಸುತ್ತುತ್ತಿದ್ದರು, ಸುತ್ತುತ್ತಾ ಮೆಲ್ಲಗೆ ಹಾಡುತ್ತಿದ್ದರು. ಚರ್ಚಿನ ಭಕ್ತಿಗೀತೆಯೋ, ಊರಿನ ಹಾಡೋ, ಮಾತು ಮರೆತರೆ ಬರೀ ರಾಗವೋ. ಕತ್ತಲಲ್ಲಿ ಹತ್ತಿರ ಬರುತ್ತಿರುವುದು ಮನುಷ್ಯ ಎಂದು ದನಕ್ಕೆ ಗೊತ್ತಾಗಲಿ ಎಂದು. ಒಣಕಡ್ಡಿ ಮುರಿದ ಸದ್ದಿಗೂ ಇಡೀ ಹಿಂಡು ಎದ್ದು ಓಡಿದ ಉದಾಹರಣೆಗಳಿವೆ. ಅಂಥ ಹೊತ್ತಿನಲ್ಲಿ ಯೀ-ಹಾ ಎಂದು ಕಿರುಚಿದವನನ್ನು ಮರುದಿನವೇ ಮನೆಗೆ ಕಳಿಸುತ್ತಿದ್ದರು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಹಾಗಾದರೆ ಅವರು ಕೇಕೆ ಹಾಕಲೇ ಇಲ್ಲವೇ? ಹಾಕಿದರು, ಪಯಣ ಮುಗಿದ ಮೇಲೆ. ತಿಂಗಳಿಗೆ 30ರಿಂದ 40 ಡಾಲರ್ ಲೆಕ್ಕದಲ್ಲಿ ಮೂರು ತಿಂಗಳ ಸಂಬಳ ಒಟ್ಟಿಗೆ ಕೈಗೆ ಬಂದಾಗ, ಸ್ನಾನ ಮಾಡಿ, ಗಡ್ಡ ಬೋಳಿಸಿ, ಹೊಸ ಅಂಗಿ ತೊಟ್ಟು ಆಬಿಲೀನ್‌ನ ಬೀದಿಯಲ್ಲಿ ಕುದುರೆ ಓಡಿಸಿದಾಗ. ಗಂಟಲಲ್ಲಿ ಅಷ್ಟು ದಿನ ತಡೆದಿಟ್ಟದ್ದು ಆಗ ಹೊರಗೆ ಬಂತು. ಅದು ಇಂದಿನ ಯೀ-ಹಾದ ರೂಪದಲ್ಲೇ ಇರಬೇಕು ಎಂದೇನಿಲ್ಲ, ಊಳಿಡುವುದು, ಹೂಪ್ ಎನ್ನುವುದು, ಗಾಳಿಯಲ್ಲಿ ಗುಂಡು ಹಾರಿಸುವುದು, ಎಲ್ಲ ಇತ್ತು.

ಮತ್ತೆ ಈ ಕೂಗು ಕೌಬಾಯ್‌ಗೆ ಅಂಟಿಕೊಂಡಿದ್ದು ಹೇಗೆ?

ಪ್ರದರ್ಶನದಿಂದ. ಬಫಲೋ ಬಿಲ್ ಎಂದು ಹೆಸರಾದ ವಿಲಿಯಂ ಕೋಡಿ 1883ರಲ್ಲಿ ಒಮಾಹಾದಲ್ಲಿ ‘ವೈಲ್ಡ್ ವೆಸ್ಟ್’ ಪ್ರದರ್ಶನ ಶುರು ಮಾಡಿದ. 1887ರಲ್ಲಿ ಅದು ಇಂಗ್ಲೆಂಡಿಗೂ ಹೋಯಿತು. ಸಾವಿರಾರು ಜನರ ಮುಂದೆ ಕುದುರೆ ಓಡಿಸುವವನು ಮೆಲ್ಲಗೆ ಹಾಡಿದರೆ ಯಾರಿಗೆ ಕೇಳುತ್ತದೆ? ಆಮೇಲೆ ಮೂಕಿ ಚಿತ್ರ, ರೇಡಿಯೋ, 1930ರ ದಶಕದಲ್ಲಿ ಜೀನ್ ಆಟ್ರಿ, ರಾಯ್ ರಾಜರ್ಸ್ ಥರದ ಹಾಡುವ ಕೌಬಾಯ್‌ಗಳು, ಟಿವಿ ಬಂತು. ಕೆಲಸ ಮುಗಿದ ಮೇಲಿನ ಕೇಕೆ ಕೆಲಸದ ನಡುವಿನ ಕೇಕೆಯಾಗಿ ಬದಲಾದದ್ದು ಈ ದಾರಿಯಲ್ಲಿ.

ಪದದ ಮೂಲ ಯಾವುದು?

ಮೂರು ವಿವರಣೆಗಳು ಚಾಲ್ತಿಯಲ್ಲಿವೆ.

ಒಂದು, ನೇಗಿಲಿಗೆ, ಗಾಡಿಗೆ ಕಟ್ಟಿದ ಎತ್ತು, ಹೇಸರಗತ್ತೆಗಳಿಗೆ ಅಮೆರಿಕದ ರೈತರು ಹೇಳುತ್ತಿದ್ದ ಆಜ್ಞೆಗಳು: ‘ಜೀ’ ಅಂದರೆ ಬಲಕ್ಕೆ, ‘ಹಾ’ ಅಂದರೆ ಎಡಕ್ಕೆ. ಹಿಮದಲ್ಲಿ ನಾಯಿಗಳ ಬಂಡಿ ಓಡಿಸುವವರು ಈ ಎರಡು ಪದಗಳನ್ನು ಇವತ್ತಿಗೂ ಬಳಸುತ್ತಾರೆ. ಜೀ-ಹಾ ಸೇರಿ ಯೀ-ಹಾ ಆಯಿತು ಎಂಬ ಮಾತು ಕೇಳಲು ಚೆಂದ. ನನಗೆ ಒಪ್ಪಿಗೆಯಾಗುವುದಿಲ್ಲ. ಕುದುರೆ ಮೇಲೆ ಕೂತವನು ಕಡಿವಾಣದಿಂದ ದಿಕ್ಕು ತೋರಿಸುತ್ತಾನೆ, ಬಾಯಿಂದ ಅಲ್ಲ. ಜೊತೆಗೆ, ಬಲಕ್ಕೆ-ಎಡಕ್ಕೆ ಎಂದು ಒಂದೇ ಉಸಿರಲ್ಲಿ ಹೇಳಿದರೆ ಎತ್ತು ಏನು ಮಾಡಬೇಕು?

ಎರಡು, ಅಂತರ್ಯುದ್ಧದಲ್ಲಿ ದಕ್ಷಿಣದ ಸೈನಿಕರು ಮೇಲೆ ಬೀಳುವಾಗ ಹಾಕುತ್ತಿದ್ದ ‘ರೆಬೆಲ್ ಯೆಲ್’. ಇದರ ಬಗ್ಗೆ ಊಹೆ ಬೇಕಿಲ್ಲ, ಮುಪ್ಪಾದ ಮಾಜಿ ಸೈನಿಕರು 1930ರ ದಶಕದಲ್ಲಿ ಕ್ಯಾಮೆರಾ ಮುಂದೆ ನಿಂತು ಆ ಕೂಗನ್ನು ಮಾಡಿ ತೋರಿಸಿದ ಚಿತ್ರೀಕರಣ ಉಳಿದಿದೆ. ನಾನು ಅದನ್ನು ಹಲವು ಸಲ ಕೇಳಿದ್ದೇನೆ. ಬಿಳಿಗಡ್ಡದ ಮುದುಕ ಒಂದು ಹೆಜ್ಜೆ ಮುಂದೆ ಬಂದು ತಲೆ ಎತ್ತಿ ಕೂಗುತ್ತಾನೆ. ಹೊರಡುವುದು ಬೇಟೆನಾಯಿ ಬೊಗಳಿದಂಥ, ತುಂಡು ತುಂಡಾದ, ಕೀರಲು ಸದ್ದು. ಅದರಲ್ಲಿ ಸಂತೋಷ ಇಲ್ಲ. ಸಿನಿಮಾದ ಯೀ-ಹಾಗೂ ಅದಕ್ಕೂ ಹತ್ತಿರದ ಹೋಲಿಕೆಯೂ ಇಲ್ಲ.

ಮೂರನೆಯದು ಮೆಕ್ಸಿಕೋದ ಕಡೆ ಕೈ ತೋರಿಸುತ್ತದೆ. ಅದಕ್ಕೆ ಬೇರೆ ಪ್ರಶ್ನೆಯೇ ಬೇಕು.

ಮೆಕ್ಸಿಕೋಗೂ ಇದಕ್ಕೂ ಏನು ಸಂಬಂಧ?

ಕೌಬಾಯ್ ವಿದ್ಯೆ ಬಹುಪಾಲು ಅಲ್ಲಿಂದ ಬಂದದ್ದು. ಸ್ಪ್ಯಾನಿಷ್‌ನಲ್ಲಿ ಹಸುವಿಗೆ ವಾಕಾ, ದನ ಕಾಯುವವನಿಗೆ ವಾಕೇರೋ. ಇಂಗ್ಲಿಷರ ಬಾಯಲ್ಲಿ ವಾಕೇರೋ ಬಕಾರೂ ಆಯಿತು. ಕುಣಿಕೆ ಹಗ್ಗ ಲಾಸೋ, ದೊಡ್ಡ ಹುಲ್ಲುಗಾವಲಿನ ರ್‍ಯಾಂಚ್, ಕಾಡುಕುದುರೆ ಮಸ್ಟಾಂಗ್, ಬೆದರಿ ಓಡುವ ಸ್ಟ್ಯಾಂಪೀಡ್, ಕುದುರೆ ಗೂಳಿ ಸವಾರಿಯ ಪಂದ್ಯ ರೋಡಿಯೋ ಇವೆಲ್ಲ ಸ್ಪ್ಯಾನಿಷ್ ಮೂಲದವು. ಹಗ್ಗ, ಜೀನು, ಹೆಸರು ಎಲ್ಲವನ್ನೂ ಕೊಟ್ಟವರಿಂದ ಕೂಗು ಮಾತ್ರ ಬರಲಿಲ್ಲ ಎಂದರೆ ನಂಬುವುದು ಕಷ್ಟ.

ಮೆಕ್ಸಿಕೋದಲ್ಲಿ ಇದಕ್ಕೆ ‘ಗ್ರೀತೋ’ ಎನ್ನುತ್ತಾರೆ. ಮರಿಯಾಚಿ ವಾದ್ಯದವರು ನುಡಿಸುವಾಗ ಪಲ್ಲವಿಯ ಕೊನೆಯಲ್ಲಿ ಯಾರೋ ಒಬ್ಬರು ಅಯ್-ಯಾಯ್-ಯಾಯ್ ಎಂದೋ, ಉತ್ತರದ ಕಡೆಯವರಾದರೆ ‘ಅಹೂವಾ’ ಎಂದೋ ದನಿ ಎತ್ತುತ್ತಾರೆ. ಶುರುವಿನಲ್ಲಿ ನಗುವಿದ್ದ ಹಾಗೆ, ಕೊನೆಯಲ್ಲಿ ಅಳುವಿದ್ದ ಹಾಗೆ ಕೇಳುತ್ತದೆ. ನಮ್ಮ ಪಕ್ಕದ ಮನೆಯ ಮೆಕ್ಸಿಕನ್ ಅಜ್ಜ ಮೊಮ್ಮಗಳ 15ನೇ ಹುಟ್ಟುಹಬ್ಬದಲ್ಲಿ ಹಾಕಿದ ಗ್ರೀತೋ ಕೇಳಿ ನನ್ನ ಅಮ್ಮ ಒಂದು ಕ್ಷಣ ಗಾಬರಿಯಾಗಿ, ‘ಅವರಿಗೇನಾಯ್ತೋ ನೋಡೋ’ ಅಂದರು. ಅಜ್ಜ ಕಣ್ಣೊರೆಸಿಕೊಂಡು ನಗುತ್ತಿದ್ದರು. ಯೀ-ಹಾದಲ್ಲಿ ಇಲ್ಲದ ಈ ಎರಡನೇ ಪದರ ಗ್ರೀತೋದಲ್ಲಿದೆ, ನನಗೆ ಅದು ಹೆಚ್ಚು ಇಷ್ಟ.

ಯಿಪ್ಪೀ, ಯಾಹೂ, ಯಿಪ್ಪೀ-ಕೈ-ಯೇ ಎಲ್ಲ ಒಂದೇನಾ?

ಅಲ್ಲ. ಯಿಪ್ಪೀ ಮಕ್ಕಳ ಖುಷಿ: ನಾಳೆ ಶಾಲೆಗೆ ರಜೆ, ಯಿಪ್ಪೀ. ಯಾಹೂ ಇನ್ನೂ ಒರಟು. ಆ ಪದವನ್ನು 1726ರಲ್ಲಿ ಜೊನಾಥನ್ ಸ್ವಿಫ್ಟ್ ತನ್ನ ಗಲಿವರನ ಕಥೆಯಲ್ಲಿ ಮನುಷ್ಯರೂಪದ ಅನಾಗರಿಕ ಪ್ರಾಣಿಗಳಿಗೆ ಹೆಸರಾಗಿ ಹುಟ್ಟಿಸಿದ. ಒರಟನಿಗೆ ಯಾಹೂ ಎಂದು ಬೈಯುವುದು ಅಲ್ಲಿಂದ ಬಂತು. ಕೆನಡಾದ ಕ್ಯಾಲ್ಗರಿಯಲ್ಲಿ 1912ರಲ್ಲಿ ಶುರುವಾದ ಸ್ಟ್ಯಾಂಪೀಡ್ ಉತ್ಸವ ಜುಲೈನಲ್ಲಿ ಹತ್ತು ದಿನ ನಡೆಯುತ್ತದೆ, ಅಲ್ಲಿ ಕೇಕೆ ಎಂದರೆ ಯಾಹೂ. ಅಲ್ಲಿ ಹೋಗಿ ಯೀ-ಹಾ ಅಂದರೆ ನೀವು ಹೊರಗಿನವರು ಎಂದು ತಿಳಿದುಬಿಡುತ್ತದೆ.

ಯಿಪ್ಪೀ-ಕೈ-ಯೇ ಹಾಡಿನಿಂದ ಬಂದದ್ದು. ಜಾನ್ ಲೋಮ್ಯಾಕ್ಸ್ 1910ರಲ್ಲಿ ಪ್ರಕಟಿಸಿದ ಕೌಬಾಯ್ ಹಾಡುಗಳ ಸಂಗ್ರಹ ನೋಡಿದರೆ ಪಲ್ಲವಿಗಳಲ್ಲಿ ಯಿಪ್ಪಿ, ಯೇ ಥರದ ತುಂಬುಸದ್ದುಗಳು ಸಿಗುತ್ತವೆ, ನಮ್ಮ ಜನಪದ ಹಾಡಿನ ತಂದಾನ, ಕೋಲೆ ಇದ್ದ ಹಾಗೆ. ಇದರ ಬಗ್ಗೆ ಒಂದು ಎಚ್ಚರಿಕೆ: 1988ರ ‘ಡೈ ಹಾರ್ಡ್’ ಸಿನಿಮಾದಲ್ಲಿ ಬ್ರೂಸ್ ವಿಲಿಸ್ ಈ ಸದ್ದಿನ ಕೊನೆಗೆ ಒಂದು ಕೆಟ್ಟ ಬೈಗುಳ ಸೇರಿಸಿದ ಮೇಲೆ, ಅರ್ಧ ಹೇಳಿದರೂ ಕೇಳುವವರ ತಲೆಯಲ್ಲಿ ಉಳಿದರ್ಧ ಓಡುತ್ತದೆ. ಕಚೇರಿಯ ಇಮೇಲಿನಲ್ಲಿ ಬೇಡ.

ಶಮ್ಮಿ ಕಪೂರ್ ಕೂಗಿದ ಯಾಹೂ ಇದೇ ಏನು?

ನಮ್ಮ ತಂದೆಯ ತಲೆಮಾರಿನವರೆಲ್ಲ ಇದನ್ನು ಕೇಳುತ್ತಾರೆ. 1961ರ ‘ಜಂಗ್ಲಿ’ಯಲ್ಲಿ ಶಮ್ಮಿ ಕಪೂರ್ ಹಿಮದಲ್ಲಿ ಜಾರುತ್ತಾ ಕೂಗುವ ಯಾಹೂ ಭಾರತದ ಮೂಲೆಮೂಲೆಗೂ ತಲುಪಿತು. ಹಾಡಿದ್ದು ಮೊಹಮ್ಮದ್ ರಫಿ. ಆದರೆ ಆ ಕೇಕೆ ರಫಿಯವರದೂ ಅಲ್ಲ, ಕಪೂರರದೂ ಅಲ್ಲ, ಸಿನಿಮಾ ಬರಹಗಾರ ಪ್ರಯಾಗ್ ರಾಜ್ ಅವರದು. ಒಂದು ಕೇಕೆಗೆ ಬೇರೆಯೇ ಗಂಟಲು ಹುಡುಕಬೇಕಾಯಿತು ಅನ್ನುವುದರಲ್ಲೇ ಅದು ಎಷ್ಟು ಕಷ್ಟದ ಕೆಲಸ ಎಂದು ತಿಳಿಯುತ್ತದೆ. ಕೌಬಾಯ್ ಟೋಪಿ ಇಲ್ಲದಿದ್ದರೂ ಭಾವ ಅದೇ, ಕಟ್ಟು ಹರಿದುಕೊಂಡವನ ಕೂಗು.

ಟೆಕ್ಸಾಸಿನವರು ದಿನಾ ಯೀ-ಹಾ ಅನ್ನುತ್ತಾರಾ?

ಇಲ್ಲ. ಕರ್ನಾಟಕದವರು ದಿನಾ ಬೆಳಿಗ್ಗೆ ಡೊಳ್ಳು ಬಾರಿಸುತ್ತಾರಾ? ದಿನಬಳಕೆಯಲ್ಲಿ ಕೇಳುವುದು ‘ಹೌಡಿ’ ಮತ್ತು ‘ಯಾಲ್’. ಹೌಡಿ ನಮಸ್ಕಾರ, ಯಾಲ್ ನೀವೆಲ್ಲ. ಓದಲು ಬರುವವರಿಗೆ ಒಂದು ಮಾತು: ಕಾಲೇಜ್ ಸ್ಟೇಷನ್‌ನ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಹೌಡಿ ಅಧಿಕೃತ ಸ್ವಾಗತವಾಕ್ಯ, ‘ಹೂಪ್’ ಎಂಬುದು ಹರ್ಷದ ಕೂಗು. ಸಂಪ್ರದಾಯದ ಪ್ರಕಾರ ಪದವಿಯ ಮೊದಲ ಎರಡು ವರ್ಷದವರು ಹೂಪ್ ಅನ್ನುವ ಹಾಗಿಲ್ಲ, ಅದು ಮೂರನೇ ವರ್ಷಕ್ಕೆ ಬಂದವರು ಗಳಿಸಿಕೊಂಡ ಹಕ್ಕು. ಕೇಕೆಯನ್ನೂ ದುಡಿದು ಪಡೆಯಬೇಕು ಅನ್ನುವ ಈ ಪದ್ಧತಿ ನನಗೆ ಬಹಳ ಹಿಡಿಸಿತು, ದನದ ಪಯಣ ಮುಗಿಸಿದವರ ನೆನಪು ತರುತ್ತದೆ.

ಯಾವಾಗ ಕೂಗಬಾರದು?

ಮೊದಲನೆಯದಾಗಿ, ಕುದುರೆಯ ಹತ್ತಿರ. ಇದನ್ನು ನಾನು ನೋಡಿಯೇ ಕಲಿತೆ. ಮಕ್ಕಳನ್ನು ಒಂದು ರ್‍ಯಾಂಚಿಗೆ ಕರೆದುಕೊಂಡು ಹೋಗಿದ್ದೆವು. ಅಕ್ಕನ ಮಗ, ಏಳು ವರ್ಷ, ಬಾಡಿಗೆಯ ಟೋಪಿ ತಲೆಗೇರಿಸಿದವನೇ ಕಟ್ಟಿದ್ದ ಕುದುರೆಯ ಪಕ್ಕದಲ್ಲಿ ಪೂರ್ತಿ ಗಂಟಲಲ್ಲಿ ಯೀ-ಹಾ ಅಂದ. ಕುದುರೆಯ ಕಿವಿ ಹಿಂದಕ್ಕೆ ಅಂಟಿತು, ಕಣ್ಣಿನ ಬಿಳಿ ಕಂಡಿತು, ಹಗ್ಗ ಟಣ್ಣನೆ ಬಿಗಿಯಿತು. ಹಿಂಗಾಲು ಅವನಿಂದ ಒಂದು ಮಾರು ದೂರದಲ್ಲಿತ್ತು. ಅಲ್ಲಿದ್ದ ಹೆಂಗಸು ಬೈಯಲಿಲ್ಲ. ಕುದುರೆಯ ಕುತ್ತಿಗೆಗೆ ಅಂಗೈ ಇಟ್ಟು ತಗ್ಗಿದ ದನಿಯಲ್ಲಿ ಏನೋ ಗುನುಗಿದಳು, ಅದರ ಉಸಿರು ಇಳಿಯುವವರೆಗೂ ಬಿಡಲಿಲ್ಲ. ಆಮೇಲೆ ಹುಡುಗನ ಕೈಯನ್ನೂ ಅಲ್ಲೇ ಇಡಿಸಿದಳು. ರಾತ್ರಿ ಪಹರೆಯ ಹಾಡು ಅಂದರೆ ಏನೆಂದು ನನಗೆ ಅವತ್ತು ಅರ್ಥವಾಯಿತು.

ಎರಡನೆಯದು, ದಕ್ಷಿಣದ ಉಚ್ಚಾರಣೆ ಇರುವವರ ಎದುರು ಅಣಕಕ್ಕಾಗಿ. ಒಬ್ಬರು ಮಾತಾಡಿದ ಕೂಡಲೇ ಯೀ-ಹಾ ಅಂದರೆ ‘ನೀನು ಹಳ್ಳಿಗಮಾರ’ ಅಂದ ಹಾಗೆ. ಮಂಡ್ಯದವರೋ ಧಾರವಾಡದವರೋ ಬಾಯಿ ಬಿಟ್ಟ ಕೂಡಲೇ ಅವರ ಧಾಟಿಯನ್ನು ಅಣಕಿಸಿದರೆ ಎಷ್ಟು ನೋಯುತ್ತದೋ ಅಷ್ಟೇ ನೋಯುತ್ತದೆ. ಯಾವುದೋ ಸಾಹಸಕ್ಕೆ ಬುದ್ಧಿಯಿಲ್ಲದೆ ಧುಮುಕುವುದನ್ನು ಟೀಕಿಸಲೂ ಪತ್ರಿಕೆಗಳು ಈ ಪದವನ್ನು ಬಳಸುತ್ತವೆ. ಓದುವಾಗ ಸಂದರ್ಭ ನೋಡಿ.

ಮೂರನೆಯದು ಮೈಕಿನ ಮುಂದೆ. 2004ರ ಜನವರಿ 19ರಂದು ಅಯೋವಾ ರಾಜ್ಯದಲ್ಲಿ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸುವ ಮತದಾನದಲ್ಲಿ ಮೂರನೇ ಸ್ಥಾನಕ್ಕೆ ಬಿದ್ದ ಹೊವರ್ಡ್ ಡೀನ್ ತನ್ನ ಕಾರ್ಯಕರ್ತರನ್ನು ಹುರಿದುಂಬಿಸುತ್ತಾ ಒಂದು ಕೇಕೆ ಹಾಕಿದರು. ಸಭಾಂಗಣದಲ್ಲಿ ಜನರ ಗದ್ದಲ ಎಷ್ಟಿತ್ತೆಂದರೆ ಆ ಕೂಗು ಅದರಲ್ಲಿ ಸೇರಿಹೋಯಿತು. ಆದರೆ ಅವರ ಕೈಯಲ್ಲಿದ್ದ ಮೈಕು ಸುತ್ತಲ ಸದ್ದನ್ನು ಬಿಟ್ಟು ಅವರ ದನಿಯನ್ನಷ್ಟೇ ಹಿಡಿಯುವಂಥದ್ದು. ಟಿವಿಯಲ್ಲಿ ಕೇಳಿಸಿದ್ದು ಒಬ್ಬ ಮನುಷ್ಯ ಸುಮ್ಮನೆ ಒಬ್ಬನೇ ಕಿರುಚುತ್ತಿರುವುದು. ದಿನಗಟ್ಟಲೆ ಅದನ್ನೇ ಮತ್ತೆ ಮತ್ತೆ ಹಾಕಿದರು. ಗುಂಪಿನಿಂದ ಬಿಡಿಸಿ ತೆಗೆದ ಕೇಕೆಗೆ ಎಂಥ ಅನ್ಯಾಯವಾಗಬಹುದು ಎಂದು ನನಗೆ ಈಗಲೂ ಸಂಕಟವಾಗುತ್ತದೆ.

ಇದು ಬಿಳಿಯರ ಕೂಗಲ್ಲವೇ? ನಾವು ಕೂಗಬಹುದೇ?

ಸಿನಿಮಾ ಹಾಗೆ ತೋರಿಸಿತು, ಅಷ್ಟೇ. ದನದ ಪಯಣಗಳಲ್ಲಿ ನಾಲ್ವರಲ್ಲಿ ಒಬ್ಬ ಕೌಬಾಯ್ ಕರಿಯ ಜನಾಂಗದವನಾಗಿದ್ದ ಎಂಬುದು ಇತಿಹಾಸಕಾರರ ಸಾಮಾನ್ಯ ಅಂದಾಜು, ಮೆಕ್ಸಿಕನ್ನರು ಅದರ ಜೊತೆಗೆ. ಓಡುವ ಹೋರಿಯ ಮೇಲೆ ಕುದುರೆಯಿಂದ ಹಾರಿ ಕೊಂಬು ಹಿಡಿದು ಕೆಡಹುವ ರೋಡಿಯೋ ಆಟವನ್ನು ಪ್ರಸಿದ್ಧಿಗೆ ತಂದವರು ಬಿಲ್ ಪಿಕೆಟ್ ಎಂಬ ಕರಿಯ ಕೌಬಾಯ್. 2018ರಿಂದೀಚೆಗೆ ಕರಿಯ ಕಲಾವಿದರು ಈ ವೇಷ, ಈ ಸಂಗೀತವನ್ನು ತಮ್ಮದೆಂದು ಮರಳಿ ಹಿಡಿದದ್ದಕ್ಕೆ ‘ಯೀ-ಹಾ ಅಜೆಂಡಾ’ ಎಂಬ ಹೆಸರೇ ಬಂತು. 2019ರಲ್ಲಿ ಕರಿಯ ಗಾಯಕ ಲಿಲ್ ನಾಸ್ ಎಕ್ಸ್ ಅವರ ಕೌಬಾಯ್ ಧಾಟಿಯ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ ತುದಿಯಲ್ಲಿ 19 ವಾರ ನಿಂತಿತು. 2024ರಲ್ಲಿ ಗಾಯಕಿ ಬಿಯಾನ್ಸೆ ಹೊರತಂದ ಕೌಬಾಯ್ ಧಾಟಿಯ ಆಲ್ಬಂ ಮರುವರ್ಷ ಗ್ರ್ಯಾಮಿಯ ವರ್ಷದ ಆಲ್ಬಂ ಪ್ರಶಸ್ತಿ ಪಡೆಯಿತು. ಧಾರಾಳವಾಗಿ ಕೂಗಿ.

ಅಡಿಬರಹ ಬರೆಯುವಾಗ ಕನ್ನಡದಲ್ಲಿ ಏನು ಹಾಕಲಿ?

ಪಾತ್ರ ಕೌಬಾಯ್ ಆಗಿದ್ದರೆ ಯೀ-ಹಾ ಎಂದೇ ಬಿಡಿ. ವಿವರಿಸುವ ಕಡೆ ‘ಕೇಕೆ ಹಾಕಿದ’ ಎನ್ನಿ. ಕೇಕೆ ನಮ್ಮಲ್ಲಿ ಗಟ್ಟಿಯಾದ ಪದ, ನವಿಲೂ ಕೇಕೆ ಹಾಕುತ್ತದೆ, ಹುಡುಗರೂ ಹಾಕುತ್ತಾರೆ. ‘ಹುರ್ರೇ’ ಬೇಡ, ಅದು ಗೆದ್ದವರ ಜೈಕಾರ. ‘ಭಲೇ’ ಇನ್ನೊಬ್ಬರನ್ನು ಹೊಗಳುವುದು. ಹಾವೇರಿ, ಶಿವಮೊಗ್ಗದ ಕಡೆ ದೀಪಾವಳಿಯ ಹೊತ್ತಿಗೆ ಹೋರಿ ಬೆದರಿಸುವ ಸ್ಪರ್ಧೆ ನೋಡಿದವರಿಗೆ ಗೊತ್ತು: ಬಲೂನು, ಜೂಲ, ಕೊಬ್ಬರಿ ಹಾರ ಕಟ್ಟಿಕೊಂಡ ಹೋರಿ ಜನರ ನಡುವೆ ನುಗ್ಗಿ ಹೋದ ಕೂಡಲೇ ಎರಡೂ ಬದಿಯಿಂದ ಏಳುವ ‘ಹೋ’ ಇದೆಯಲ್ಲ, ಅರ್ಥದಲ್ಲಿ ಯೀ-ಹಾಗೆ ಅದಕ್ಕಿಂತ ಹತ್ತಿರದ ಕನ್ನಡ ನನಗೆ ಸಿಕ್ಕಿಲ್ಲ.

ವಾಟ್ಸಾಪ್‌ನಲ್ಲಿ ಟೋಪಿ ಹಾಕಿದ ನಗುಮುಖ ಇದಕ್ಕೇನಾ?

ಹೌದು. 2016ರಲ್ಲಿ ಯೂನಿಕೋಡ್‌ಗೆ ಸೇರಿತು. ಪ್ರವಾಸ ಹೊರಟಾಗ, ರಜೆ ಸಿಕ್ಕಾಗ ಹಾಕುತ್ತಾರೆ.

ಅಪ್ಪ ಅಮ್ಮನನ್ನು ರೋಡಿಯೋಗೆ ಕರೆದುಕೊಂಡು ಹೋಗುತ್ತಿದ್ದೇವೆ. ಯಾವಾಗ ಕೂಗಬೇಕು?

ಹ್ಯೂಸ್ಟನ್ ರೋಡಿಯೋ 1932ರಲ್ಲಿ ಜಾನುವಾರು ಪ್ರದರ್ಶನವಾಗಿ ಶುರುವಾದದ್ದು, ಮಾರ್ಚ್ ತಿಂಗಳಲ್ಲಿ ಬಂದರೆ ಸಿಗುತ್ತದೆ. ಗೂಳಿ ಸವಾರಿ ಶುರುವಾಗುವ ಮುಂಚೆ ಗೇಟಿನ ಮೇಲೆ ಕಣ್ಣಿಡಿ. ಇಕ್ಕಟ್ಟಾದ ಕಟಕಟೆಯೊಳಗೆ ಸವಾರ ಗೂಳಿಯ ಬೆನ್ನಿಗೆ ಇಳಿದು, ಹಗ್ಗವನ್ನು ಕೈಗೆ ಸುತ್ತಿ, ಮುಷ್ಟಿಯ ಮೇಲೆ ಗುದ್ದಿ ಗಟ್ಟಿ ಮಾಡಿಕೊಳ್ಳುತ್ತಾನೆ. ಆ ಹೊತ್ತಿಗೆ ಕ್ರೀಡಾಂಗಣದ ಗದ್ದಲ ತಗ್ಗುತ್ತದೆ. ಅವನು ತಲೆ ಆಡಿಸಿದರೆ ಗೇಟು ತೆರೆಯುತ್ತದೆ. ಒಂದು ಕೈ ಮಾತ್ರ ಹಗ್ಗದ ಮೇಲೆ. ಇನ್ನೊಂದು ಕೈ ಗೂಳಿಗೂ ತನಗೂ ತಾಗುವಂತಿಲ್ಲ. ಎಂಟು ಸೆಕೆಂಡು ಕೂತರೆ ಅಂಕ, 100ರಲ್ಲಿ ಅರ್ಧ ಸವಾರನಿಗೆ, ಅರ್ಧ ಗೂಳಿಗೆ. ಬಜರ್ ಬಡಿದ ಮೇಲೂ ಅವನು ಇಳಿದು ಬೇಲಿ ಹತ್ತುವವರೆಗೆ ಕಾಯಿರಿ, ಅಪಾಯ ಹೆಚ್ಚಿರುವುದು ಆಗಲೇ. ಅವನು ಟೋಪಿ ಕಿತ್ತು ಗಾಳಿಗೆ ಎಸೆದಾಗ ಇಡೀ ಕ್ರೀಡಾಂಗಣ ಕೂಗುತ್ತದೆ, ನೀವೂ ಕೂಗಿ. ಅಮ್ಮನಿಗೆ ಗೂಳಿ ನೋಡಲು ಆಗದಿದ್ದರೆ ಪುಟ್ಟ ಮಕ್ಕಳ ಕುರಿ ಸವಾರಿ ಇರುತ್ತದೆ. ಹೆಲ್ಮೆಟ್ ಹಾಕಿದ ಐದಾರು ವರ್ಷದ ಮಗು ಕುರಿಯ ಉಣ್ಣೆಯನ್ನು ಅಪ್ಪಿ ಹಿಡಿದು ಮೂರು ಸೆಕೆಂಡಿಗೆ ಮಣ್ಣಿಗೆ ಬಿದ್ದು, ಎದ್ದು, ಎರಡೂ ಕೈ ಮೇಲೆತ್ತಿ ಯೀ-ಹಾ ಅನ್ನುತ್ತದೆ. ನಮ್ಮಮ್ಮ ಅಲ್ಲಿಯೇ ಮೊದಲ ಸಲ ಕೂಗಿದ್ದು.